ಬೆಳಗಿನ ಕಟ್ಟಡ, ಸಂಜೆಯ ಕಟ್ಟಡ

ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ ಎದುರುಬದುರಾಗಿ ನಿಂತಿರುವ ಎರಡು ಕಟ್ಟಡಗಳ ಫೋಟೋವನ್ನು ಒಂದೇ ಹೊತ್ತಿನಲ್ಲಿ ಚೆನ್ನಾಗಿ ತೆಗೆಯಲಾಗದು ಎಂಬುದು ಮನದಟ್ಟಾಗಲು ನನಗೆ ಹಲವು ಭಾನುವಾರಗಳೇ ಬೇಕಾದವು. ವಿಧಾನಸೌಧದ ಮುಂಭಾಗಕ್ಕೆ ಬೆಳಗಿನ ಬಿಸಿಲು ಬೀಳುತ್ತದೆ. ಆಗ ರಸ್ತೆಯಾಚೆಯ ಅಠಾರಾ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ, ಕೆಂಪು ಗೋಡೆಗಳು ನೆರಳಿನಲ್ಲಿ ಮಂಕಾಗಿರುತ್ತವೆ. ಮಧ್ಯಾಹ್ನ ಕಳೆದ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಹೀಗಾಗಿ ಅಲ್ಲಿಗೆ ಹೋಗುವ ದಿನ ನಾನು ಎರಡು ಸಲ ಹೋಗುತ್ತೇನೆ, ನಡುವೆ ಮನೆಗೆ ಬಂದು ಊಟ ಮುಗಿಸುತ್ತೇನೆ.

ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದರೂ ಇಂದು ನಾವು ಕಾಣುವ ರೂಪ ಬಂದದ್ದು ಮುಂದಿನ ವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರ ಹಟದಿಂದ. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಉಸ್ತುವಾರಿಯಲ್ಲಿ 1956ರ ಹೊತ್ತಿಗೆ ಎದ್ದು ನಿಂತ ಈ ಗ್ರಾನೈಟ್ ಕಟ್ಟಡದ ಉದ್ದ ಸುಮಾರು 700 ಅಡಿ, ಮುಖಮಂಟಪದ 12 ಕಂಬಗಳ ಎತ್ತರ 40 ಅಡಿ. ಇಷ್ಟು ದೊಡ್ಡದನ್ನು ಹತ್ತಿರದಿಂದ ಒಂದೇ ಫ್ರೇಮಿಗೆ ತುಂಬಿಸಬೇಕೆಂದು ವೈಡ್ ಆಂಗಲ್ ಲೆನ್ಸ್ ಹಾಕಿ ಕ್ಯಾಮೆರಾವನ್ನು ಮೇಲಕ್ಕೆತ್ತಿದ ಕೂಡಲೇ ಕಂಬಗಳೆಲ್ಲ ಹಿಂದಕ್ಕೆ ವಾಲಿ, ತುದಿಯಲ್ಲಿ ಒಂದರತ್ತ ಒಂದು ಬಾಗಿಬಿಡುತ್ತವೆ. ಕ್ಯಾಮೆರಾವನ್ನು ಎತ್ತದೆ ತಾನೊಂದೇ ಮೇಲಕ್ಕೆ ಸರಿಯುವ ಟಿಲ್ಟ್ ಶಿಫ್ಟ್ ಲೆನ್ಸ್ ಇದ್ದರೆ ಈ ತೊಂದರೆಯಿಲ್ಲ, ಆದರೆ ಅದರ ಬೆಲೆ ಕೇಳಿದವರು ಮತ್ತೆ ಕೇಳುವುದಿಲ್ಲ. ಸಾಫ್ಟ್‌ವೇರಿನಲ್ಲಿ ಗೆರೆಗಳನ್ನು ನೆಟ್ಟಗೆ ಮಾಡಬಹುದು. ಮಾಡಿದಾಗ ಗುಮ್ಮಟ ಮೇಲಕ್ಕೆ ಎಳೆದ ಕಣಕದಂತೆ ಉದ್ದವಾಗುತ್ತದೆ. ಕೊನೆಗೆ ನನಗೆ ಒಗ್ಗಿದ ದಾರಿ ಎಂದರೆ ಎದುರಿನ ಫುಟ್‌ಪಾತಿನವರೆಗೂ ಹಿಂದೆ ಸರಿದು, ಕ್ಯಾಮೆರಾವನ್ನು ಮೇಲಕ್ಕೆತ್ತದೆ ಸಮವಾಗಿ ಹಿಡಿದು, ಕೆಳಗೆ ಸೇರಿಕೊಳ್ಳುವ ರಸ್ತೆಯನ್ನು ಆಮೇಲೆ ಕತ್ತರಿಸಿ ಹಾಕುವುದು.

ಸೂರ್ಯ ಮೂಡಿದ ಗಳಿಗೆಯೇ ಶ್ರೇಷ್ಠವೆಂದು ಫೋಟೋ ತೆಗೆಯುವವರು ಹೇಳುವುದುಂಟು. ಈ ಕಟ್ಟಡದ ಮಟ್ಟಿಗೆ ನಾನು ಒಪ್ಪುವುದಿಲ್ಲ. ಎಳೆಬಿಸಿಲು ಕಲ್ಲಿಗೆ ಬಣ್ಣ ಕೊಡುತ್ತದೆಯೇ ಹೊರತು ಆಳ ಕೊಡುವುದಿಲ್ಲ. ಹೊತ್ತು ಸ್ವಲ್ಪ ಏರಿ ಬೆಳಕು ಮೇಲಿನಿಂದ ಇಳಿಯತೊಡಗಿದಾಗ ಛಜ್ಜಾದ ನೆರಳು ಗೋಡೆಯ ಮೇಲೆ ಬಿದ್ದು, ಅದರ ಕೆಳಗಿನ ಕೆತ್ತನೆ ಒಂದೊಂದಾಗಿ ಎದ್ದು ಕಾಣುತ್ತದೆ. 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹವೂ ಆಗಲೇ ಸ್ಪಷ್ಟವಾಗುತ್ತದೆ. ಊರಿನಿಂದ ಬಂದ ನೆಂಟರು ಫೋಟೋ ತೆಗೆಸಿಕೊಳ್ಳುವಾಗ ಅದು ಓದುವಂತಿರಲೇಬೇಕೆಂದು ಪಟ್ಟು ಹಿಡಿಯುತ್ತಾರೆ, ಅವರು ಮಾತ್ರ ಕಡಲೆಕಾಯಿಯಷ್ಟು ಕಂಡರೂ ಚಿಂತೆಯಿಲ್ಲ.

ಅಠಾರಾ ಕಚೇರಿಯ ಕಷ್ಟವೇ ಬೇರೆ. 1868ರಲ್ಲಿ ಸರ್ಕಾರದ 18 ಇಲಾಖೆಗಳು ಇಲ್ಲಿಗೆ ಬಂದದ್ದರಿಂದ ಅದಕ್ಕೆ ಆ ಹೆಸರು. ಸಂಜೆಯ ಹಳದಿ ಬೆಳಕು ಅದರ ಕೆಂಪಿನ ಮೇಲೆ ಬಿದ್ದಾಗ ಕಣ್ಣಿಗೆ ಹಬ್ಬ, ಕ್ಯಾಮೆರಾಗೆ ಗಂಡಾಂತರ: ಕೆಂಪು ಬಣ್ಣದ ಮಾಹಿತಿ ಮಿತಿ ಮೀರಿ, ಗೋಡೆಯ ಗಾರೆಯ ಗೆರೆ, ಕಿಟಕಿಯ ಕಮಾನಿನ ಅಂಚು ಎಲ್ಲವೂ ಕಲಸಿ ಒಂದೇ ಕುಂಕುಮದ ರಾಶಿಯಾಗುತ್ತವೆ. ಒಟ್ಟು ಹಿಸ್ಟೋಗ್ರಾಮ್, ಅಂದರೆ ಚಿತ್ರದಲ್ಲಿ ಬೆಳಕು ಹಂಚಿಹೋದ ಬಗೆಯನ್ನು ತೋರಿಸುವ ನಕ್ಷೆ, ನೋಡಿ ಎಲ್ಲ ಸರಿಯಿದೆ ಎಂದುಕೊಂಡು ನಾನು ಒಂದು ಇಡೀ ಸಂಜೆಯನ್ನು ಹಾಳು ಮಾಡಿಕೊಂಡಿದ್ದೇನೆ. ಈಗ ಕೆಂಪಿನ ಹಿಸ್ಟೋಗ್ರಾಮನ್ನು ಪ್ರತ್ಯೇಕವಾಗಿ ನೋಡಿ, ಎಕ್ಸ್‌ಪೋಷರ್ ಅನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿಯೇ ಶಟರ್ ಒತ್ತುತ್ತೇನೆ. 1980ರ ದಶಕದಲ್ಲಿ ಈ ಕಟ್ಟಡವನ್ನು ಕೆಡವುವ ಮಾತು ನಡೆದು, ಜನರ ವಿರೋಧದಿಂದ ಅದು ಉಳಿಯಿತು ಎಂಬುದು ನೆನಪಾದಾಗಲೆಲ್ಲ ಒಂದು ಫೋಟೋ ಹೆಚ್ಚಿಗೆ ತೆಗೆಯುತ್ತೇನೆ.

ಆ 18 ಇಲಾಖೆಗಳು 1868ಕ್ಕೂ ಮೊದಲು ಇದ್ದದ್ದು ಕೋಟೆಯ ಬಳಿ, 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ. ಅಲ್ಲಿ ಬಿಸಿಲಿನ ಲೆಕ್ಕಾಚಾರವೇ ಬೇಡ. ತೇಗದ ಕಂಬಗಳ ನಡುವೆ ಸದಾ ಅರೆಗತ್ತಲು. ಹೊರಗಿನ ತೋಟ ಬೆಳ್ಳಗೆ ಉರಿಯುತ್ತಿರುತ್ತದೆ. ನಾನು ತೋಟವನ್ನು ಬಿಟ್ಟುಕೊಟ್ಟು ಕಂಬಗಳಿಗೆ ಬೆಳಕು ಕೂಡಿಸುತ್ತೇನೆ.

ಹೊಸ ಕಾಲದ ಕಟ್ಟಡಗಳಲ್ಲಿ ಎಂ.ಜಿ. ರಸ್ತೆಯ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ನನಗೆ ಇಷ್ಟ. 1973ರಲ್ಲಿ ಮುಗಿದ ಈ ಕಾಂಕ್ರೀಟ್ ಗೋಪುರವನ್ನು ಚೆಂದವೆಂದು ಹೊಗಳಿದವರನ್ನು ನಾನು ಕಂಡಿಲ್ಲ. ಮೋಡದ ದಿನ ಅದರ ಬೂದುಬಣ್ಣವೂ ಆಕಾಶದ ಬೂದುಬಣ್ಣವೂ ಒಂದಾಗಿ ಕಿಟಕಿಗಳ ಸಾಲಷ್ಟೇ ಉಳಿಯುವುದನ್ನು ಅವರು ನೋಡಿರಲಿಕ್ಕಿಲ್ಲ.

ಗಾಜಿನ ಗೋಪುರಗಳಿಗೆ ಸ್ವಂತ ಮುಖವಿಲ್ಲವೆಂದು ಬಹುದಿನ ದೂರಿದ್ದೆ. ಲೆನ್ಸಿನ ಮುಂದೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿ ಪ್ರತಿಬಿಂಬ ಅಳಿಸಲು ಹೆಣಗುತ್ತಿದ್ದೆ. ನೇರ ಎದುರು ನಿಂತಾಗ ಅದು ಕೆಲಸವನ್ನೇ ಮಾಡದು, ಓರೆಯಾಗಿ ನಿಂತರಷ್ಟೇ ಫಲ. ಹೊರವರ್ತುಲ ರಸ್ತೆಯ ಅಂಥದೊಂದು ಕಟ್ಟಡದ ಮುಂದೆ ಟ್ರೈಪಾಡ್ ಬಿಡಿಸುತ್ತಿದ್ದಂತೆ ಕಾವಲುಗಾರರೊಬ್ಬರು ಓಡಿ ಬಂದು, "ಸಾರ್, ಇಲ್ಲಿ ಪರ್ಮಿಷನ್ ಇಲ್ಲ, ಆ ಕಡೆ ಹೋಗಿ ತೆಕ್ಕೊಳ್ಳಿ" ಎಂದರು. ಅಸಮಾಧಾನದಿಂದಲೇ ರಸ್ತೆ ದಾಟಿ ತಿರುಗಿ ನೋಡಿದೆ. ಸಂಜೆಯ ಆಕಾಶ ಗಾಜಿನ ಚೌಕಗಳಲ್ಲಿ ತುಂಡುತುಂಡಾಗಿ ಹಂಚಿಹೋಗಿತ್ತು. ಎಲ್ಲ ಚೌಕಗಳೂ ಒಂದೇ ಮಟ್ಟದಲ್ಲಿ ಕೂತಿರದ ಕಾರಣ ಒಂದೇ ಮೋಡ ಪಕ್ಕದ ಚೌಕಕ್ಕೆ ಬರುವಷ್ಟರಲ್ಲಿ ಅರ್ಧ ಗೇಣು ಜರುಗಿತ್ತು. ಪೋಲರೈಸರ್ ಬಿಚ್ಚಿ ಜೇಬಿಗಿಟ್ಟುಕೊಂಡೆ.