ಡ್ರಿಲ್ ಒಂದೇ ಮನೆಗೆ ಬರುವುದಿಲ್ಲ

ಕಾರ್ಡ್‌ಲೆಸ್ ಡ್ರಿಲ್ ಕೊಳ್ಳುವುದು ಅಂದರೆ ಬೀಗತನ ಮಾಡಿದ ಹಾಗೆ. ಅದರ ಹಿಂದೆ ಬ್ಯಾಟರಿಯ ಇಡೀ ಬಳಗ ಬರುತ್ತದೆ. ಮಕಿಟಾ ಕಂಪನಿಯ ಬ್ಯಾಟರಿ ಡಿವಾಲ್ಟ್ ಕಂಪನಿಯ ಡ್ರಿಲ್‌ಗೆ ಕೂರುವುದಿಲ್ಲ. ಬಾಷ್ ಕಂಪನಿಯೊಳಗೇ ನೀಲಿ ಸಾಲಿನ (ವೃತ್ತಿಪರರದು) 18 ವೋಲ್ಟ್ ಬ್ಯಾಟರಿ ಹಸಿರು ಸಾಲಿನ (ಮನೆ ಬಳಕೆಯದು) ಮೆಷಿನ್‌ಗೆ ಆಗುವುದಿಲ್ಲ, ನೋಡಿ!

ಡಬ್ಬದ ಮೇಲೆ 20 ವೋಲ್ಟ್ ಅಂತ ಇದ್ದರೆ ಜಾಸ್ತಿ ಶಕ್ತಿ ಅಂದುಕೊಳ್ಳಬೇಡಿ. ಒಳಗೆ 3.6 ವೋಲ್ಟಿನ ಐದು ಸೆಲ್, ಅಂದರೆ ಅದೇ 18. ಫುಲ್ ಚಾರ್ಜ್ ಆದಾಗಿನ ಲೆಕ್ಕ ಹಿಡಿದು 20 ಅಂತಾರೆ, ಅಷ್ಟೇ.

ಮನೆಯಲ್ಲಿ ಇರುವ ಕೆಲಸವಾದರೂ ಏನು? ಕರ್ಟನ್ ರಾಡು, ಸಡಿಲವಾದ ಬಾಗಿಲ ಸ್ಕ್ರೂ. ಇಟ್ಟಿಗೆ ಗೋಡೆಗೆ 12 ವೋಲ್ಟಿನ ಹ್ಯಾಮರ್ ಡ್ರಿಲ್ (ತಿರುಗುತ್ತಲೇ ಕುಟ್ಟುವ ಡ್ರಿಲ್) ಸಾಕು. ಕಾಂಕ್ರೀಟ್ ಬೀಮ್ ಸಿಕ್ಕಿದರೆ ಅದು ಸುಮ್ನೆ ಕಿರುಚುತ್ತದೆ, ಧೂಳು ಮಾತ್ರ ಉದುರುವುದಿಲ್ಲ. ಅದಕ್ಕೆ ಇನ್ನೂ ಜೋರಾಗಿ ಕುಟ್ಟುವ ರೋಟರಿ ಹ್ಯಾಮರೇ ಬೇಕು. ಬಾಡಿಗೆಗೆ ತಂದರಾಯಿತು, ಅಲ್ವಾ?

ಬಣ್ಣ ಯಾವುದಾದರೂ ಇರಲಿ, ಊರಲ್ಲಿ ಸರ್ವಿಸ್ ಸೆಂಟರ್ ಇರುವ ಕಂಪನಿಗೆ ನನ್ನ ಓಟು.