ಬ್ರೆಕ್ಸಿಟ್‌ನಿಂದ ಆಕಾಶವೇನೂ ಕಳಚಿ ಬೀಳಲಿಲ್ಲವಲ್ಲ?

ಬ್ರಿಟನ್ನಿನ ವಿಷಯ ಬಂದಾಗಲೆಲ್ಲ ಯಾರಾದರೂ ನನ್ನನ್ನು ಕೇಳುವ ಪ್ರಶ್ನೆ ಇದು. ಐರೋಪ್ಯ ಒಕ್ಕೂಟ ಬಿಟ್ಟು ಇಷ್ಟು ವರ್ಷವಾಯಿತು, ದೇಶವೇನೂ ಮುಳುಗಲಿಲ್ಲ, ಮತ್ತೇಕೆ ಅಷ್ಟು ಗಾಬರಿ?

ಮುಳುಗಲಿಲ್ಲ, ನಿಜ. 2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮಂದಿ ಹೊರನಡೆಯೋಣ ಎಂದರು, 2020ರ ಜನವರಿ 31ರಂದು ಹೊರಬಂದದ್ದೂ ಆಯಿತು. ಆದರೆ ಇಲ್ಲಿ ನಷ್ಟವೆಂದರೆ ಆಗಬಹುದಾಗಿದ್ದ ಬೆಳವಣಿಗೆ ಆಗದೇ ಹೋದದ್ದು. ಸರ್ಕಾರದ ಹಣಕಾಸಿನ ಮುನ್ನಂದಾಜು ಮಾಡುವ ಅಲ್ಲಿನ ಸ್ವತಂತ್ರ ಸಂಸ್ಥೆ ಒಬಿಆರ್ ಪ್ರಕಾರ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಉತ್ಪಾದಕತೆ ದೀರ್ಘಾವಧಿಯಲ್ಲಿ ಸುಮಾರು ಶೇ 4ರಷ್ಟು ಕಡಿಮೆ. ಬರಗಾಲ ಒಂದು ಒಳ್ಳೆಯ ಮಳೆಗೆ ಮರೆತುಹೋಗುತ್ತದೆ. ಇದು ಹಾಗಲ್ಲ, ಪ್ರತಿ ವರ್ಷದ ಸಂಬಳದಲ್ಲಿ, ತೆರಿಗೆ ಆದಾಯದಲ್ಲಿ, ಆಸ್ಪತ್ರೆಗೆ ಸಿಗುವ ಹಣದಲ್ಲಿ ಕೊರತೆಯಾಗಿ ಉಳಿಯುತ್ತದೆ.

"ಸುಂಕ ಶೂನ್ಯವಲ್ಲವೇ?" ಎನ್ನುತ್ತಾರೆ. ಒಕ್ಕೂಟದೊಂದಿಗಿನ ವ್ಯಾಪಾರ ಒಪ್ಪಂದದ ಷರತ್ತಿಗೆ ಒಳಪಟ್ಟ ಸರಕಿಗೆ ಶೂನ್ಯವೇ. ಪೆಟ್ಟು ಕೊಟ್ಟದ್ದು ಕಾಗದಪತ್ರ. ಚೀಸ್ ಮಾಡುವ ಸಣ್ಣ ಉದ್ಯಮಿ ಫ್ರಾನ್ಸಿಗೆ ಸರಕು ಕಳಿಸಬೇಕಾದರೆ ಕಸ್ಟಮ್ಸ್ ಘೋಷಣೆ ಬೇಕು, ಪಶುವೈದ್ಯರು ಸಹಿ ಮಾಡಿದ ಆರೋಗ್ಯ ಪ್ರಮಾಣಪತ್ರ ಬೇಕು. ಲಾರಿಗಟ್ಟಲೆ ಕಳಿಸುವ ದೊಡ್ಡ ಕಂಪನಿ ಈ ಖರ್ಚನ್ನು ಹಂಚಿಕೊಳ್ಳುತ್ತದೆ. ಒಂದು ಪೆಟ್ಟಿಗೆ ಕಳಿಸುವವರಿಗೆ ಲಾಭವೆಲ್ಲ ಅಲ್ಲೇ ಮುಗಿಯುತ್ತದೆ. ತಿನ್ನುವ ಸಮುದ್ರದ ಚಿಪ್ಪುಮೀನಿನದು ಇನ್ನೂ ಕಷ್ಟ: ಅತಿ ಶುದ್ಧವೆಂಬ ದರ್ಜೆ ಸಿಗದ ನೀರಿನಲ್ಲಿ ಹಿಡಿದ ಜೀವಂತ ಚಿಪ್ಪುಮೀನನ್ನು ಮೊದಲು ಶುದ್ಧೀಕರಿಸದೆ ಒಕ್ಕೂಟಕ್ಕೆ ಕಳಿಸುವಂತೆಯೇ ಇಲ್ಲ.

ವಲಸೆ ತಗ್ಗುತ್ತದೆ ಎಂದು ನಂಬಿ ಮತ ಹಾಕಿದವರು ಬಹಳ. ಯುರೋಪಿನವರ ಮುಕ್ತ ಓಡಾಟ ನಿಂತಿತು, ಆದರೆ ಕೆಲಸಗಾರರು ಬೇಕೇ ಇತ್ತು. ಭಾರತ, ನೈಜೀರಿಯಾದಿಂದ ವಿದ್ಯಾರ್ಥಿಗಳು, ದಾದಿಯರು, ಆರೈಕೆ ಕೆಲಸದವರು ಹೋದರು, 2023ರಲ್ಲಿ ನಿವ್ವಳ ವಲಸೆ, ಅಂದರೆ ಬಂದವರ ಸಂಖ್ಯೆಯಲ್ಲಿ ಹೋದವರನ್ನು ಕಳೆದು ಉಳಿದದ್ದು, ದಾಖಲೆ ಮುಟ್ಟಿತು. ಆಮೇಲೆ ಬಾಗಿಲು ಬಿಗಿಯಾಯಿತು: 2024ರ ಜನವರಿಯಿಂದ ಬಹುಪಾಲು ವಿದ್ಯಾರ್ಥಿಗಳು ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಅಲ್ಲಿಗೆ ಓದಲು ಹೊರಟ ನಮ್ಮ ಮಕ್ಕಳಿಗೂ ಬ್ರೆಕ್ಸಿಟ್ ತಟ್ಟಿರುವುದು ಹೀಗೆ.

ನನಗೆ ಹೆಚ್ಚು ಕಳವಳವಾಗುವುದು ಉತ್ತರ ಐರ್ಲೆಂಡಿನ ಬಗ್ಗೆ. ಶೇ 55.8ರಷ್ಟು ಮಂದಿ ಉಳಿಯೋಣ ಎಂದಿದ್ದರು. ಒಕ್ಕೂಟದಲ್ಲೇ ಇರುವ ಪಕ್ಕದ ಐರ್ಲೆಂಡಿನ ಜೊತೆಗಿನ ಗಡಿಯನ್ನು ತೆರೆದೇ ಇಡಬೇಕಾದ್ದರಿಂದ, ಈಗ ತಮ್ಮದೇ ದೇಶವಾದ ಬ್ರಿಟನ್ನಿನ ಉಳಿದ ಭಾಗದಿಂದ ಬರುವ ಸರಕಿಗೂ ತಪಾಸಣೆ. ಇದೇ ಜಗಳದಲ್ಲಿ ಅಲ್ಲಿನ ಸರ್ಕಾರ 2022ರಿಂದ ಎರಡು ವರ್ಷ ನಡೆಯಲೇ ಇಲ್ಲ.

ಹಿಂತಿರುಗಬಹುದಲ್ಲ ಎಂದರೆ, ಅರ್ಜಿ ಹಾಕಬಹುದು. ಇಪ್ಪತ್ತೇಳೂ ದೇಶಗಳು ಒಪ್ಪಬೇಕು. ಅಂದಿನ ಪ್ರಧಾನಿ ಥ್ಯಾಚರ್ 1984ರಲ್ಲಿ ಹಟಹಿಡಿದು ಪಡೆದ, ಒಕ್ಕೂಟಕ್ಕೆ ಕೊಡುವ ವಂತಿಗೆಯ ರಿಯಾಯಿತಿಯನ್ನು ಅವರು ಮತ್ತೆ ಕೊಡುತ್ತಾರೆಂದು ನನಗನ್ನಿಸುವುದಿಲ್ಲ.