ನಿಲಂಬೂರಿನ ಸಾಗವಾನಿ ಸಂಗ್ರಹಾಲಯ: ಬೆಳಗಾವಿಯಿಂದ ಹೊರಡುವವರಿಗೆ

ಖಾನಾಪುರ, ಲೋಂಡಾ, ದಾಂಡೇಲಿ ಕಡೆಯವರಿಗೆ ಸಾಗವಾನಿ ಹೊಸದಲ್ಲ. ಆದರೆ ಅದನ್ನು ನೆಟ್ಟ, ಕಡಿದ, ಸಾಗಿಸಿದ ಚರಿತ್ರೆಯನ್ನು ಒಂದೇ ಕಡೆ ಜೋಡಿಸಿಟ್ಟಿದ್ದು ನೋಡಬೇಕಾದರೆ ಕೇರಳದ ನಿಲಂಬೂರಿಗೆ ಹೋಗಬೇಕು. ಕೇರಳ ಅರಣ್ಯ ಸಂಶೋಧನಾ ಸಂಸ್ಥೆ 1995ರಲ್ಲಿ ತೆರೆದ ಸಂಗ್ರಹಾಲಯ ಅಲ್ಲಿದೆ.

ಹೋಗಲು ಎರಡು ದಾರಿ. ಪುಣೆಯಿಂದ ಬೆಳಗಾವಿ, ಮಡಗಾಂವ್ ಮೂಲಕ ಎರ್ನಾಕುಲಂಗೆ ಹೋಗುವ ಪೂರ್ಣಾ ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಮಾತ್ರ ಬರುತ್ತದೆ; ಶೋರನೂರಿನಲ್ಲಿ ಇಳಿದು ನಿಲಂಬೂರು ರೋಡಿನ ರೈಲು ಹಿಡಿಯಬೇಕು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಹಳೆಯ ಸಮಯ ನಂಬಿ ಮುಂದಿನ ರೈಲಿಗೆ ಟಿಕೆಟ್ ಮಾಡಿಸಬೇಡಿ. ಶೋರನೂರಿನಿಂದ ಮುಂದಿನ 66 ಕಿ.ಮೀ. ಹಳಿಯನ್ನು 1927ರಲ್ಲಿ ಹಾಕಿದ್ದು, ಎರಡನೇ ಮಹಾಯುದ್ಧದ ಹೊತ್ತಿಗೆ ಕಿತ್ತು, ಆಮೇಲೆ ಮತ್ತೆ ಹಾಕಿದ್ದು. ಕಿಟಕಿ ಪಕ್ಕ ಕುಳಿತುಕೊಳ್ಳಿ, ದಾರಿಯುದ್ದಕ್ಕೂ ಮರಗಳೇ. ಇನ್ನೊಂದು ದಾರಿ ಮೈಸೂರು, ಗುಂಡ್ಲುಪೇಟೆ, ಗೂಡಲೂರು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ, ಹಗಲೇ ದಾಟಿ. ಈ ದಾರಿಯಲ್ಲಿ ಬಂದರೆ ಊರಿಗೆ 4 ಕಿ.ಮೀ. ಮೊದಲೇ ಸಂಗ್ರಹಾಲಯ ಸಿಗುತ್ತದೆ. ಸೋಮವಾರ ರಜೆ.

ಬಾಗಿಲಲ್ಲೇ 55 ವರ್ಷದ ಸಾಗವಾನಿಯ ಬೇರಿನ ಜಾಲವನ್ನು ನಿಜವಾದ ಗಾತ್ರದಲ್ಲಿ ತೋರಿಸಿದ್ದಾರೆ. ಒಳಗೆ ಉರು ಎಂಬ ಸಾಂಪ್ರದಾಯಿಕ ಮರದ ಹಡಗಿನ ಮಾದರಿಯೂ ಇದೆ. ಆದರೆ ಹೆಚ್ಚು ಹೊತ್ತು ಕೊಡಬೇಕಾದದ್ದು ಮರದ ಉಂಗುರಗಳಿಗೆ. ಎಣಿಕೆಯನ್ನು ನಡುವಿನ ದಿಂಡಿನಿಂದ ಶುರುಮಾಡಿ. ಎಲೆ ಉದುರಿ, ಮತ್ತೆ ಚಿಗುರಿದಾಗ ಹುಟ್ಟುವ ದೊಡ್ಡ ರಂಧ್ರಗಳ ಸಾಲೇ ವರ್ಷದ ಗೆರೆ. ಕೆಲವು ಗೆರೆ ತೀರಾ ಒತ್ತಾಗಿದ್ದರೆ ಬರ, ನೆರಳು, ಎಲೆ ತಿನ್ನುವ ಹುಳ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಹೊರಗಿನ ಬಿಳಿ ಭಾಗಕ್ಕೆ ಬಾಳಿಕೆ ಕಡಿಮೆ. ಒಳಗಿನ ಚೇಗು ಮಾತ್ರ ಗಟ್ಟಿ. ಹಳೆಯ ಬಾಗಿಲು ಹುಳ ಹಿಡಿದಿದ್ದರೆ ಮೊದಲು ಅಂಚಿನ ಬಿಳಿ ಭಾಗ ನೋಡಬೇಕು.

ಕಾನೋಲಿ ಪ್ಲಾಟನ್ನು ಸಂಗ್ರಹಾಲಯ ನೋಡಿದ ಮೇಲೆಯೇ ನೋಡಿ. ಊರಿನಿಂದ ಸುಮಾರು 2 ಕಿ.ಮೀ., ವಿಸ್ತೀರ್ಣ 2.31 ಹೆಕ್ಟೇರ್. ಮಲಬಾರ್ ಕಲೆಕ್ಟರ್ ಕಾನೋಲಿ 1840ರ ದಶಕದಲ್ಲಿ ನೆಡಿಸಿದ ತೋಪಿನಲ್ಲಿ ಉಳಿದ ತುಂಡು ಇದು. ಇಲ್ಲಿನ ಮರಗಳು 1846ರವು. ಮೊದಲು ಬೀಜ ಮೊಳೆಯಲೇ ಇಲ್ಲ. ಸಾಗವಾನಿ ಬೀಜದ ಸಿಪ್ಪೆ ಗಟ್ಟಿ. ನೆನೆಸುವುದು, ಬಿಸಿಲಿಗೆ ಒಣಗಿಸುವುದು, ಹೀಗೆ ಹಲವು ಸಲ ಮಾಡಿದರೇ ಮೊಳಕೆ. ಆ ತೋಪನ್ನು ಸಾಧಿಸಿ ಬೆಳೆಸಿದವರು ಕಾನೋಲಿಯ ಕೈಕೆಳಗಿನ ಅರಣ್ಯಾಧಿಕಾರಿ ಚಾತು ಮೆನನ್, ಅವರ ಹೆಸರನ್ನು ಕಾನೋಲಿಯ ಹೆಸರಿನಷ್ಟೇ ಗೌರವದಿಂದ ಹೇಳಬೇಕು. ತೋಪಿಗೆ ಹೋಗಲು ಚಾಲಿಯಾರ್ ನದಿ ದಾಟಬೇಕು. 2019ರ ಮಹಾಪೂರದಲ್ಲಿ ತೂಗುಸೇತುವೆ ಹಾಳಾಗಿತ್ತು, ಆದ್ದರಿಂದ ದಾಟುವ ವ್ಯವಸ್ಥೆ ಏನಿದೆ ಎಂದು ಮೊದಲೇ ವಿಚಾರಿಸಿ.

ಒಂದು ಅಳತೆ ಟೇಪು ಜೊತೆಗಿರಲಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ನೋಡುವುದು ಅರಣ್ಯದವರ ಪದ್ಧತಿ. ದಿಮ್ಮಿಯ ಲೆಕ್ಕವನ್ನೂ ಅಲ್ಲೇ ಅರಿಯಬಹುದು: ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ವ್ಯಾಪಾರಿಗಳ ಹಳೆಯ ಲೆಕ್ಕ. 1.6 ಮೀಟರ್ ಸುತ್ತಳತೆ, 6 ಮೀಟರ್ ಉದ್ದದ ದಿಮ್ಮಿಗೆ 0.96 ಘನ ಮೀಟರ್ ಬರುತ್ತದೆ. ದುಂಡಗಿನ ಮರದ ನಿಜವಾದ ಘನ 1.22. ಆ ವ್ಯತ್ಯಾಸ ತೊಗಟೆ, ಹೊರಸೀಳುಗಳ ಪಾಲೆಂದು ಬಿಟ್ಟದ್ದು.

ಬೆಳಗಾವಿ ಜಿಲ್ಲೆಯಲ್ಲಿ ಹಳೆಯ ಅಡ್ಡ ಗರಗಸ, ಬಾಚಿ, ದಿಮ್ಮಿಗೆ ಗುರುತು ಒತ್ತುವ ಸುತ್ತಿಗೆ ಇಟ್ಟುಕೊಂಡಿರುವ ಮನೆಗಳವರು ಇಲ್ಲಿಂದ ಕಲಿಯಬೇಕಾದದ್ದು ಇದೆ. ಯಾವ ಕೂಪಿನದು (ಮರ ಕಡಿಯಲು ಗುರುತಿಸಿದ ಕಾಡಿನ ಭಾಗ), ಯಾವ ಡಿಪೋಗೆ ಹೋಗುತ್ತಿತ್ತು, ಯಾರ ಕೈಯಲ್ಲಿತ್ತು ಎಂಬುದನ್ನು ಹಿರಿಯರಿಂದ ಕೇಳಿ ಬರೆದು ಅದರೊಂದಿಗೇ ಕಟ್ಟಿಡಿ. ಆ ಚೀಟಿ ಇಲ್ಲದ ಗರಗಸ ಗುಜರಿಯವನಿಗೆ ಬರೀ ಕಬ್ಬಿಣ. ಹಿಡಿಕೆಗೆ ವಾರ್ನಿಷ್ ಬಳಿಯಬೇಡಿ, ಕೈಯ ಸವೆತವೇ ಮುಚ್ಚಿಹೋಗುತ್ತದೆ. ಅಲಗಿಗೆ ತೆಳ್ಳಗೆ ಎಣ್ಣೆ ಸಾಕು. ಅಡ್ಡ ಕೊಯ್ದ ಮರದ ಬಿಲ್ಲೆ ಇಡುವವರು ನೆರಳಲ್ಲೇ ನಿಧಾನ ಒಣಗಿಸಿ: ಸಾಗವಾನಿ ಸುತ್ತಳತೆಯ ಕಡೆಗೆ ಕುಗ್ಗುವುದು, ನಡುವಿನಿಂದ ಅಂಚಿನ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಬಿರುಕು ಬರುವುದು ಅದರಿಂದಲೇ. ಅಂಚಿನಿಂದ ನಡುವಿನವರೆಗೆ ಮೊದಲೇ ಒಂದು ಗರಗಸದ ಸೀಳು ಹಾಕಿದರೆ ಬಿರುಕು ಹೆಚ್ಚಾಗಿ ಅಲ್ಲೇ ತೆರೆದುಕೊಂಡು ಉಳಿದ ಉಂಗುರಗಳು ಎಣಿಸುವಂತಿರುತ್ತವೆ.